ಬೆನ್ಯಾಮೀನನ ಚೀಲ

(ಮಾದಕ ದ್ರವ್ಯಗಳ ಸಾಗಾಟ, ಮಾರಾಟ ಮತ್ತು ಅದಕ್ಕೆ ವಿಧಿಸಲ್ಪಡುವ ಶಿಕ್ಷೆಯನ್ನು ಕುರಿತ ಪಾಠ. ಓದತಕ್ಕ ಭಾಗಗಳು: ಆದಿಕಾಂಡ 44ನೆಯ ಅಧ್ಯಾಯ, ವಿಮೋಚನಕಾಂಡ 21:28-36 ಮತ್ತು 23:1-3, ಧರ್ಮೋಪದೇಶಕಾಂಡ 19:15-19.)



ಈ ತಿಂಗಳ ಪಾಠವು ವಾಡಿಕೆಯ ಪಾಠಕ್ರಮದಿಂದ ಬಂದದ್ದಲ್ಲ. ನನ್ನ ಮನೆಯ ಬಾಗಿಲಿಗೆ ಬಂದು ನಿಂತ ಒಬ್ಬ ತಾಯಿಯಿಂದ ಬಂದದ್ದು. ಆಕೆಯು ವಿಧವೆಯು. ಆಕೆಯ ಹಿರೀ ಮಗನು ನಮ್ಮ ಸಂಡೇಸ್ಕೂಲಿನಲ್ಲಿ ಬೆಳೆದು ದೃಢೀಕರಣ ಹೊಂದಿದವನು. ಹೊಸ ವರುಷದ ದಿನ ಬೆಳಗಿನ ಜಾವದಲ್ಲಿ ಅವನು ಬಸ್ಸು ನಿಲ್ದಾಣದ ಹೊರಗೆ ಎರಡು ಚೀಲಗಳ ಸಂಗಡ ಹಿಡಿಯಲ್ಪಟ್ಟನು. ಚೀಲಗಳಲ್ಲಿ ಗಾಂಜಾ ಇತ್ತು. ತೂಗಿದಾಗ ಇಪ್ಪತ್ತೊಂದು ಕಿಲೋಗ್ರಾಮಿಗೆ ಸ್ವಲ್ಪ ಮೇಲಾಯಿತೆಂದು ಪಂಚನಾಮೆಯಲ್ಲಿ ಬರೆದರು. ಪಕ್ಕದ ಊರಿನ ಒಬ್ಬನು ಐನೂರು ರೂಪಾಯಿ ಕೈಗಿಟ್ಟು, ಸಾಮಾನನ್ನು ತಂದು ಕೊಡು ಎಂದಿದ್ದನಂತೆ. ಆ ಒಬ್ಬನು ಇಂದಿನ ವರೆಗೂ ಸಿಕ್ಕಿಲ್ಲ. (ಮೊಕದ್ದಮೆಯು ಇನ್ನೂ ನಡೆಯುತ್ತಿರುವದರಿಂದ ಗುರುತಾಗುವಂಥ ಸಂಗತಿಗಳನ್ನು ಬದಲಿಸಿ ಬರೆದಿದ್ದೇನೆ.)

“ಉಪದೇಶಿಗಳೇ, ಆ ರಾತ್ರಿಯೆಲ್ಲಾ ನನ್ನ ಮಗನು ವರುಷಾಂತ್ಯದ ಆರಾಧನೆಯಲ್ಲಿದ್ದನೆಂದು ಸಭೆಯ ಮೊಹರು ಹಾಕಿ ಬರೆದು ಕೊಡಿರಿ. ಒಂದು ಕಾಗದವಷ್ಟೇ,” ಎಂದು ಆ ತಾಯಿಯು ಬೇಡಿಕೊಂಡಳು. ಆ ರಾತ್ರಿ ದೇವಾಲಯವು ತುಂಬಿತ್ತು. ನಾನು ಅವನನ್ನು ಕಂಡ ನೆನಪಿಲ್ಲ.

ಆ ವಾರದಲ್ಲೇ ಹಿರಿಯರು ಕೂಡಿದರು. ಒಬ್ಬರು, ಐಗುಪ್ತದ ಸೂಲಗಿತ್ತಿಯರೂ ಯೆರಿಕೋವಿನ ರಾಹಾಬಳೂ ಪ್ರಾಣ ಉಳಿಸುವದಕ್ಕಾಗಿ ಸುಳ್ಳಾಡಲಿಲ್ಲವೋ, ಬರೆದು ಕೊಟ್ಟರೆ ಏನು ಎಂದರು. ಇನ್ನೊಬ್ಬರು, ಅಂಥವನ ಹೆಸರನ್ನು ಸಭೆಯ ಪಟ್ಟಿಯಿಂದಲೇ ತೆಗೆದುಬಿಡಬೇಕು, ಇಲ್ಲವಾದರೆ ಪೊಲೀಸಿನವರು ನಮ್ಮೆಲ್ಲರನ್ನೂ ಹಾಗೆಯೇ ಎಣಿಸುವರು ಎಂದರು. ಅವನ ಮೇಲೆ ಹೊರಿಸಲ್ಪಟ್ಟ ಅಪರಾಧವು ಯಾವದು, ಅದಕ್ಕೆ ಶಿಕ್ಷೆ ಎಷ್ಟು ಎಂಬದನ್ನು ನಮ್ಮಲ್ಲಿ ಒಬ್ಬರೂ ಅರಿತಿರಲಿಲ್ಲ. ನಾನೂ ಅರಿತಿರಲಿಲ್ಲ. ಸೆಮಿನರಿಯಲ್ಲಿ ನಮಗೆ ಮೋಶೆಯ ಧರ್ಮಶಾಸ್ತ್ರವನ್ನು ಕಲಿಸಿದರು, ನಾವು ವಾಸಿಸುವ ದೇಶದ ದಂಡಶಾಸ್ತ್ರವನ್ನು ಕಲಿಸಲಿಲ್ಲ. ಆದಕಾರಣ ಆ ಹುಡುಗನ ವಕೀಲರ ಹತ್ತಿರ ಕೂತು ಕಾಯಿದೆಯನ್ನು ಕಲಮು ಕಲಮಾಗಿ ಓದಿಸಿಕೊಂಡೆನು. ಓದುತ್ತಾ ಇರುವಾಗ ನನ್ನ ಮನಸ್ಸು ಮೇಲಿಂದ ಮೇಲೆ ಆದಿಕಾಂಡದ 44ನೆಯ ಅಧ್ಯಾಯಕ್ಕೆ ಹೋಗುತ್ತಿತ್ತು.

ಆ ಅಧ್ಯಾಯದ ಸಂಗತಿಯನ್ನು ಎಲ್ಲರೂ ಬಲ್ಲಿರಿ. ಯೋಸೇಫನ ಬೆಳ್ಳಿಯ ಪಾತ್ರೆಯನ್ನು ಮನೆವಾರ್ತೆಯವನು ಬೆನ್ಯಾಮೀನನ ಚೀಲದ ಬಾಯಲ್ಲಿ ಇಟ್ಟನು. ಬೆನ್ನಟ್ಟಿ ಹೋಗಿ, ಹಿರಿಯನಿಂದ ಆರಂಭಿಸಿ ಕಿರಿಯನ ವರೆಗೂ ಶೋಧಿಸಿದನು. ಪಾತ್ರೆಯು ಕಿರಿಯನ ಚೀಲದಲ್ಲಿ ಸಿಕ್ಕಿತು. ಚೀಲವು ಬೆನ್ಯಾಮೀನನದು, ಆದರೆ ಪಾತ್ರೆಯನ್ನು ಇಟ್ಟವನು ಅವನಲ್ಲ, ಅದು ಅಲ್ಲಿದೆ ಎಂದು ಅವನು ಅರಿತವನೂ ಅಲ್ಲ. ಹಾಗಿದ್ದರೂ ಅವನಿಗೆ ಒಂದು ಮಾತು ಸಹ ಆಡುವದಕ್ಕೆ ಬರಲಿಲ್ಲ. ಯಾರ ಚೀಲದಲ್ಲಿ ಸಿಕ್ಕಿತು, ಅವನು ಅರಿತಿದ್ದನೋ, ಸಂಗಡ ಇದ್ದವರ ಪಾಲು ಏನು ಎಂಬ ಈ ಮೂರು ಪ್ರಶ್ನೆಗಳ ಮೇಲೆಯೇ ನಮ್ಮ ದೇಶದ ಕಾಯಿದೆಯೂ ನಿಂತಿದೆ.

ಆ ಕಾಯಿದೆಯು 1985ನೆಯ ವರುಷದ್ದು. ಮಾದಕ ದ್ರವ್ಯಗಳನ್ನೂ ಮನಸ್ಸನ್ನು ಕದಲಿಸುವ ಔಷಧ ಪದಾರ್ಥಗಳನ್ನೂ ಕುರಿತದ್ದು. ಠಾಣೆಯಲ್ಲಿಯೂ ಕೋರ್ಟಿನಲ್ಲಿಯೂ ಎನ್‌.ಡಿ.ಪಿ.ಎಸ್‌. ಕಾಯಿದೆ ಎಂದು ಕರೆಯುತ್ತಾರೆ. ಅದು 1985ನೆಯ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು 1857 ಮತ್ತು 1878ರ ಅಫೀಮಿನ ಕಾಯಿದೆಗಳೂ 1930ರ ಅಪಾಯಕರ ಔಷಧಗಳ ಕಾಯಿದೆಯೂ ಇದ್ದವು. ಆಗ ಮೊದಲನೆಯ ಅಪರಾಧಕ್ಕೆ ಮೂರು ವರುಷ, ಮರಳಿ ಮಾಡಿದರೆ ನಾಲ್ಕು ವರುಷ, ಇದೇ ಹೆಚ್ಚಿನ ಶಿಕ್ಷೆಯಾಗಿತ್ತು. ಸರ್ಕಾರದ ಲೈಸೆನ್ಸು ಪಡೆದ ಅಂಗಡಿಗಳಲ್ಲಿ ಗಾಂಜಾ ಮಾರುತ್ತಿದ್ದ ಕಾಲವನ್ನು ನಮ್ಮ ವೃದ್ಧರಲ್ಲಿ ಕೆಲವರು ಇನ್ನೂ ಹೇಳುತ್ತಾರೆ. 1893ರಲ್ಲಿ ನೇಮಿಸಲ್ಪಟ್ಟ ಆಯೋಗವು ಇಡೀ ದೇಶದಲ್ಲಿ ವಿಚಾರಣೆ ನಡಿಸಿ, ಗಾಂಜಾವನ್ನು ಪೂರ್ತಿಯಾಗಿ ನಿಷೇಧಿಸದೆ ತೆರಿಗೆ ಹಾಕಿ ಹತೋಟಿಯಲ್ಲಿಡಬೇಕೆಂದು ಅಭಿಪ್ರಾಯಪಟ್ಟಿತ್ತು. ಆದಕಾರಣ ಅಜ್ಜನ ಕಾಲದಲ್ಲಿ ಇದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಅಜ್ಜನ ಕಾಲವು ಈಗ ಇಲ್ಲ. 1961ರಲ್ಲಿ ಲೋಕದ ರಾಜ್ಯಗಳು ಮಾದಕ ದ್ರವ್ಯಗಳ ವಿಷಯವಾಗಿ ಒಂದು ಒಡಂಬಡಿಕೆ ಮಾಡಿಕೊಂಡವು. ನಮ್ಮ ದೇಶವೂ ಅದರಲ್ಲಿ ಸೇರಿತು. ಅದರ ನಂತರ ಬಂದದ್ದೇ ಈ ಕಠಿಣವಾದ ಕಾಯಿದೆ.

ಅದರ 8ನೆಯ ಕಲಮು ಮೂಲವಾದದ್ದು. ವೈದ್ಯಕ್ಕಾಗಿ ಅಥವಾ ಶಾಸ್ತ್ರಸಂಶೋಧನೆಗಾಗಿ ಅಪ್ಪಣೆ ಪಡೆದ ಹೊರತು ಯಾವನೂ ಈ ದ್ರವ್ಯಗಳನ್ನು ತಯಾರಿಸಬಾರದು, ಇಟ್ಟುಕೊಳ್ಳಬಾರದು, ಮಾರಬಾರದು, ಕೊಂಡುಕೊಳ್ಳಬಾರದು, ಸಾಗಿಸಬಾರದು, ದಾಸ್ತಾನು ಮಾಡಬಾರದು, ಸೇವಿಸಬಾರದು. ನಮ್ಮ ಜನರು ಮಾರುವವನನ್ನು ಮಾತ್ರ ಅಪರಾಧಿಯೆಂದು ಎಣಿಸುತ್ತಾರೆ. ಬಸ್ಸಿನಿಂದ ಚೀಲ ಇಳಿಸಿದವನು, ಒಂದು ರಾತ್ರಿ ಅಟ್ಟದ ಮೇಲೆ ಇಟ್ಟುಕೊಂಡವನು, ಮೋಟಾರು ಸೈಕಲ್ಲಿನ ಮೇಲೆ ದಾಟಿಸಿದವನು, ಇವರು ಬರೀ ಸಹಾಯ ಮಾಡಿದವರು ಎಂದು ಭಾವಿಸುತ್ತಾರೆ. ಕಾಯಿದೆಯಲ್ಲಿ ಅಂಥ ಭೇದವಿಲ್ಲ. ಗಾಂಜಾ ವಿಷಯವಾದ 20ನೆಯ ಕಲಮಿನಲ್ಲಿ ಮಾರುವದೂ ಸಾಗಿಸುವದೂ ಇಟ್ಟುಕೊಳ್ಳುವದೂ ಒಂದೇ ಸಾಲಿನಲ್ಲಿ ಬರೆಯಲ್ಪಟ್ಟಿವೆ, ಶಿಕ್ಷೆಯೂ ಒಂದೇ. ಲಾಭವೆಲ್ಲಾ ಇನ್ನೊಬ್ಬನಿಗೆ ಹೋಗಿ, ಐನೂರು ರೂಪಾಯಿ ಮಾತ್ರ ತನಗೆ ಬಂತೆಂಬದು ಅಪರಾಧವನ್ನು ಅಳಿಸುವದಿಲ್ಲ.

ಹಾಗಾದರೆ ಶಿಕ್ಷೆಯಲ್ಲಿ ಹೆಚ್ಚು ಕಡಿಮೆ ಯಾವದರಿಂದ ಆಗುತ್ತದೆ? ತೂಕದಿಂದ. 2001ರಲ್ಲಿ ಕಾಯಿದೆಯನ್ನು ತಿದ್ದಿ, ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನ ಪ್ರಮಾಣ ಎಂಬ ಮೂರು ಮೆಟ್ಟಲುಗಳನ್ನು ಮಾಡಿದರು. ಗಾಂಜಾವು ಒಂದು ಕಿಲೋಗ್ರಾಮಿನ ವರೆಗೆ ಅಲ್ಪವು. ಅದಕ್ಕೆ ಒಂದು ವರುಷದ ವರೆಗೆ ಕಠಿಣ ಸಜೆ ಅಥವಾ ಹತ್ತು ಸಾವಿರ ರೂಪಾಯಿಯ ವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಒಂದರಿಂದ ಇಪ್ಪತ್ತು ಕಿಲೋಗ್ರಾಮಿನ ನಡುವೆ ಹತ್ತು ವರುಷದ ವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷದ ವರೆಗೆ ಜುಲ್ಮಾನೆ. ಇಪ್ಪತ್ತನ್ನು ದಾಟಿದರೆ ಅದು ವಾಣಿಜ್ಯ ಪ್ರಮಾಣವು: ಸಜೆಯು ಹತ್ತು ವರುಷಕ್ಕೆ ಕಡಿಮೆಯಿರಕೂಡದು, ಇಪ್ಪತ್ತರ ವರೆಗೂ ಹೋಗಬಹುದು, ಜುಲ್ಮಾನೆಯು ಒಂದು ಲಕ್ಷಕ್ಕೆ ಕಡಿಮೆಯಿರಕೂಡದು, ಎರಡು ಲಕ್ಷದ ವರೆಗೆ, ಕಾರಣ ಬರೆದರೆ ಅದಕ್ಕೂ ಮೇಲೆ ಹಾಕಬಹುದು. ಹತ್ತೊಂಬತ್ತು ಕಿಲೋ ಹೊತ್ತವನಿಗೆ ನ್ಯಾಯಾಧೀಶರು ಅವನ ವಯಸ್ಸನ್ನೂ ಬಡತನವನ್ನೂ ನೋಡಿ ಎರಡು ವರುಷ ವಿಧಿಸಬಹುದು. ಇಪ್ಪತ್ತೊಂದು ಕಿಲೋ ಹೊತ್ತವನು ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೆ ಅವರು ಮನಮರುಗಿದರೂ ಹತ್ತಕ್ಕೆ ಕಡಿಮೆ ಮಾಡಲಾರರು. ನಮ್ಮ ಹುಡುಗನ ಎರಡು ಚೀಲಗಳ ತೂಕವನ್ನು ನಾನು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ಬೇರೆ ದ್ರವ್ಯಗಳಿಗೆ ತೂಕಗಳು ಬಹಳ ಸಣ್ಣವು. ಚರಸ್ ನೂರು ಗ್ರಾಮಿನ ವರೆಗೆ ಅಲ್ಪ, ಒಂದು ಕಿಲೋ ದಾಟಿದರೆ ವಾಣಿಜ್ಯ. ಅಫೀಮು ಇಪ್ಪತ್ತೈದು ಗ್ರಾಂ ಮತ್ತು ಎರಡೂವರೆ ಕಿಲೋ. ಹೆರಾಯಿನ್ ಐದು ಗ್ರಾಂ ಮತ್ತು 250 ಗ್ರಾಂ. ಪಟ್ಟಣದಲ್ಲಿ ಓದುವ ಮಕ್ಕಳ ನಡುವೆ ತಿರುಗುವ ಎಂ.ಡಿ.ಎಂ.ಎ. ಎಂಬದು ಅರ್ಧ ಗ್ರಾಮಿನ ವರೆಗೆ ಅಲ್ಪ, ಹತ್ತು ಗ್ರಾಂ ದಾಟಿದರೆ ವಾಣಿಜ್ಯ. ಹತ್ತು ಗ್ರಾಂ ಅಂದರೆ ಅಡಿಗೆಯ ಎರಡು ಸಣ್ಣ ಚಮಚ ಉಪ್ಪಿನಷ್ಟು. ಇದರ ಮೇಲೆ, ಕಲಬೆರಕೆಯ ಪುಡಿಯಲ್ಲಿ ಮಾದಕ ಅಂಶವು ಕೊಂಚವೇ ಇದ್ದರೂ ಇಡೀ ಪುಡಿಯ ತೂಕವನ್ನೇ ಲೆಕ್ಕಕ್ಕೆ ತಕ್ಕೊಳ್ಳಬೇಕೆಂದು ಸುಪ್ರೀಮ್ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು. ಔಷಧದ ಅಂಗಡಿಯ ಮಾತ್ರೆಗಳೂ ಇದರಿಂದ ಹೊರಗಲ್ಲ. ನೋವಿಗೆ ಕೊಡುವ ಟ್ರಮಡಾಲ್ ಎಂಬದು 2018ರಿಂದ ಈ ಕಾಯಿದೆಯ ಪಟ್ಟಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಅದನ್ನು ಕೈಯಿಂದ ಕೈಗೆ ಮಾರುವವನು ತಾನು ಔಷಧವನ್ನು ಮಾರಿದೆನೆಂದು ಹೇಳಿ ತಪ್ಪಿಸಿಕೊಳ್ಳಲಾರನು. ಒಮ್ಮೆ ಶಿಕ್ಷೆ ಹೊಂದಿ ಮರಳಿ ಅದೇ ಅಪರಾಧ ಮಾಡಿದವನ ಸಜೆಯು ಒಂದೂವರೆಯಷ್ಟರ ವರೆಗೆ ಏರಬಹುದು. ಅತಿ ದೊಡ್ಡ ತೂಕಗಳಲ್ಲಿ ಮರಣದಂಡನೆಗೂ ಎಡೆಯಿದೆ.

ಈಗ ವಿಮೋಚನಕಾಂಡದ 21ನೆಯ ಅಧ್ಯಾಯವನ್ನು ತೆರೆಯಿರಿ. ಎತ್ತು ಹಾಯ್ದು ಮನುಷ್ಯನನ್ನು ಕೊಂದರೆ ಎತ್ತಿಗೆ ಶಿಕ್ಷೆ, ಯಜಮಾನನಿಗೆ ಇಲ್ಲ. ಆದರೆ ಅದು ಹಾಯುವಂಥದ್ದೆಂದು ಅವನಿಗೆ ಮೊದಲೇ ತಿಳಿದಿದ್ದು, ಜನರು ಹೇಳಿದ್ದರೂ ಅವನು ಕಟ್ಟಿಹಾಕದೆ ಹೋಗಿದ್ದರೆ ಅವನೂ ಹೊಣೆಯು. ಒಂದೇ ಎತ್ತು, ಒಂದೇ ಸಾವು. ಯಜಮಾನನ ತಿಳುವಳಿಕೆಯೇ ಭೇದವನ್ನು ಮಾಡುತ್ತದೆ. ನಮ್ಮ ಕಾಯಿದೆಯ 25ನೆಯ ಕಲಮು ಇದಕ್ಕೆ ಬಹು ಹತ್ತಿರವಾದದ್ದು. ಮನೆ, ಕೋಣೆ, ಹೊಲ, ಬಂಡಿ, ಮೋಟಾರು ಇವುಗಳ ಒಡೆಯನು ಅರಿತೂ ಅರಿತೂ ಅವುಗಳನ್ನು ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟರೆ ಆ ಅಪರಾಧಕ್ಕಿರುವ ಶಿಕ್ಷೆಯೇ ಅವನಿಗೂ ಆಗುವದು. ವಾಹನವು ಜಪ್ತಿಯಾಗುವದು, ತನಗೆ ತಿಳಿಯದೆ ನಡೆಯಿತು, ತಾನು ತಕ್ಕ ಎಚ್ಚರಿಕೆಯನ್ನು ವಹಿಸಿದ್ದೆನು ಎಂದು ಒಡೆಯನೇ ತೋರಿಸಿಕೊಟ್ಟರೆ ಮಾತ್ರ ಬಿಡುಗಡೆ. ಗೆಳೆಯನಿಗೆ ಗಾಡಿಯ ಬೀಗದಕೈ ಕೊಡುವ ಹುಡುಗರಿಗೆ ತಂದೆಗಳು ಇದನ್ನು ಹೇಳಬೇಕು.

ಹೊಲದ ವಿಷಯದಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕಂದರೆ ಇದು ನಮ್ಮ ಬಾಗಿಲಿನ ಸಂಗತಿ. ಗೋವಿನಜೋಳದ ಅಥವಾ ಹತ್ತಿಯ ಎತ್ತರವಾದ ಸಾಲುಗಳ ನಡುವೆ ನಾಲ್ಕು ಭಂಗಿ ಗಿಡ ಹಾಕಿಕೊಳ್ಳುತ್ತೇನೆ, ಬೆಳೆ ಬಂದ ಮೇಲೆ ಇಷ್ಟು ಹಣ ಕೊಡುತ್ತೇನೆ ಎಂದು ಹೊರಗಿನವರು ಬಂದು ಕೇಳುವದುಂಟು. ಮಳೆ ಕೈಕೊಟ್ಟ ವರುಷದಲ್ಲಿ, ಸೊಸೈಟಿಯ ಸಾಲ ತೀರಿಸಲಾರದ ರೈತನಿಗೆ ಆ ಮಾತು ಹೇಗೆ ಕೇಳಿಸುವದೆಂದು ನಾನು ಬಲ್ಲೆನು. ಆದರೆ ತಿಳಿದುಕೊಳ್ಳಿರಿ: ಗಿಡ ಬೆಳಿಸುವದಕ್ಕೆ ತೂಕದ ಲೆಕ್ಕವೇ ಇಲ್ಲ. ನಾಲ್ಕು ಗಿಡವಾದರೂ ನಾನೂರು ಗಿಡವಾದರೂ ಹತ್ತು ವರುಷದ ವರೆಗೆ ಸಜೆ, ಒಂದು ಲಕ್ಷದ ವರೆಗೆ ಜುಲ್ಮಾನೆ ಎಂದು ಬರೆದಿದೆ. ಬರೀ ಸೊಪ್ಪು ಗಾಂಜಾ ಅಲ್ಲವಲ್ಲಾ ಎಂದು ಒಬ್ಬ ಜಾಣನು ನನ್ನ ಸಂಗಡ ವಾದಿಸಿದನು. ನಿಜವೇ, ಕಾಯಿದೆಯ ಅರ್ಥದಲ್ಲಿ ಗಾಂಜಾ ಅಂದರೆ ಹೂವು ಕಾಯಿ ಬಿಟ್ಟ ತುದಿ, ತುದಿಯಿಲ್ಲದ ಬೀಜವೂ ಎಲೆಯೂ ಅದರಲ್ಲಿ ಸೇರುವದಿಲ್ಲ. ಆದರೆ ಆ ವಾದವು ಚೀಲದಲ್ಲಿ ಸಿಕ್ಕಿದ್ದಕ್ಕೆ ನಡೆದೀತು, ನೆಟ್ಟ ಗಿಡಕ್ಕೆ ನಡೆಯದು. ಅಪ್ಪಣೆಯಿಲ್ಲದೆ ಗಿಡವನ್ನು ಬೆಳಿಸುವದೇ ಅಪರಾಧವು. ಇದಲ್ಲದೆ 46ನೆಯ ಕಲಮಿನ ಪ್ರಕಾರ ತನ್ನ ಭೂಮಿಯಲ್ಲಿ ಇಂಥ ಗಿಡ ಬೆಳೆದದ್ದನ್ನು ಅರಿತ ಒಡೆಯನು ಕೂಡಲೇ ಅಧಿಕಾರಿಗಳಿಗೆ ತಿಳಿಸಲೇಬೇಕು. ಅರಿತು ಸುಮ್ಮನಿದ್ದರೆ ಅವನೇ ದಂಡನೆಗೆ ಗುರಿಯಾಗುವನು. 47ನೆಯ ಕಲಮು ಪಂಚರು ಮೊದಲಾದ ಗ್ರಾಮಾಧಿಕಾರಿಗಳ ಮೇಲೆಯೂ ಅದೇ ಹೊರೆಯನ್ನು ಹೊರಿಸುತ್ತದೆ. ಹೊಲವನ್ನು ಲಾವಣಿಗೆ ಕೊಟ್ಟು ಪಟ್ಟಣದಲ್ಲಿ ವಾಸಿಸುವ ನಮ್ಮ ಸಭಿಕರು ವರುಷಕ್ಕೆ ಎರಡು ಸಾರಿಯಾದರೂ ಹೋಗಿ ಸಾಲುಗಳ ಒಳಗೆ ನಡೆದು ನೋಡಿಕೊಂಡು ಬರಲಿ.

ಮರಳಿ ಬೆನ್ಯಾಮೀನನ ಬಳಿಗೆ ಬರುವ. ಅವನು ಅರಿಯದವನಾಗಿದ್ದನು. ಇಂದು ಅಂಥವನ ಗತಿ ಏನು? ಸಾಮಾನ್ಯವಾದ ಅಪರಾಧಗಳಲ್ಲಿ ಆರೋಪಿಯ ಮನಸ್ಸಿನಲ್ಲಿ ದುರುದ್ದೇಶವಿತ್ತೆಂದು ಸರ್ಕಾರವೇ ರುಜುಪಡಿಸಬೇಕು. ಈ ಕಾಯಿದೆಯ 35 ಮತ್ತು 54ನೆಯ ಕಲಮುಗಳು ಅದನ್ನು ತಿರುಗಿಸಿಬಿಟ್ಟಿವೆ: ದ್ರವ್ಯವು ಒಬ್ಬನ ವಶದಲ್ಲಿ ಸಿಕ್ಕಿತೆಂದು ರುಜುವಾದ ಮೇಲೆ, ಅವನು ಅರಿತೇ ಇಟ್ಟುಕೊಂಡಿದ್ದನೆಂದು ಕೋರ್ಟು ಭಾವಿಸುವದು, ಅರಿಯೆನು ಎಂಬದನ್ನು ಅವನೇ ತೋರಿಸಿಕೊಡಬೇಕು. ಮೊದಲು ಸರ್ಕಾರದ ಪಕ್ಷವು ತನ್ನ ಮೂಲ ಸಂಗತಿಗಳನ್ನು ಗಟ್ಟಿಯಾಗಿ ರುಜುಪಡಿಸಬೇಕು, ಆಮೇಲೆಯೇ ಈ ಭಾರವು ಆರೋಪಿಯ ಮೇಲೆ ಬೀಳುವದು ಎಂದು ಸುಪ್ರೀಮ್ ಕೋರ್ಟು 2008ರಲ್ಲಿ ಹೇಳಿತು. ಅದು ಸಣ್ಣ ಉಪಕಾರವಲ್ಲ. ಆದರೂ ಪರರ ಗಂಟನ್ನು ಬಿಚ್ಚಿ ನೋಡದೆ ಹೊತ್ತವನು, ತಾನು ಯಾಕೆ ನೋಡಲಿಲ್ಲ, ಚೀಲ ಹೊರುವದಕ್ಕೆ ಕೂಲಿಗಿಂತ ಹೆಚ್ಚು ಹಣ ಯಾಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುವದು.

ಸಂಗಡ ಇದ್ದವರ ವಿಷಯದಲ್ಲಿ ಯೋಸೇಫನ ಮನೆವಾರ್ತೆಯವನು ನಮ್ಮ ಕಾಯಿದೆಗಿಂತ ಮೃದುವಾದವನು. ಪಾತ್ರೆ ಸಿಕ್ಕಿದವನು ಸಾಯಲಿ, ನಾವೆಲ್ಲರೂ ದಾಸರಾಗುವೆವು ಎಂದು ಅಣ್ಣಂದಿರು ದುಡುಕಿ ಹೇಳಿದಾಗ ಅವನು, ಸಿಕ್ಕಿದವನು ಮಾತ್ರ ದಾಸನಾಗಲಿ, ಉಳಿದವರು ನಿರ್ದೋಷಿಗಳು ಎಂದನು. ನಮ್ಮ 29ನೆಯ ಕಲಮಾದರೋ, ಕುಮ್ಮಕ್ಕು ಕೊಟ್ಟವನಿಗೂ ಒಳಸಂಚಿನಲ್ಲಿ ಸೇರಿದವನಿಗೂ ಅದೇ ಶಿಕ್ಷೆ ಎನ್ನುತ್ತದೆ. ವ್ಯಾಪಾರಕ್ಕೆ ಹಣ ಹೂಡಿದವನಿಗೆ 27ಎ ಕಲಮಿನಲ್ಲಿ ಹತ್ತರಿಂದ ಇಪ್ಪತ್ತು ವರುಷದ ಸಜೆ ಇದೆ. ಕಾಯಿದೆಯ ಬರಹವು ದೊಡ್ಡವರನ್ನು ಬಿಟ್ಟಿಲ್ಲವೆಂಬದು ನಿಜ. ಹಿಡಿಯಲ್ಪಡುವವರು ಮಾತ್ರ ಬಹಳವಾಗಿ ಚೀಲ ಹೊತ್ತವರೇ. ಇದನ್ನು ಹೇಳದೆ ಬಿಟ್ಟರೆ ಪಾಠವು ಅರ್ಧವಾಗುವದು.

ಜಾಮೀನಿನ ವಿಷಯವು ತಾಯಂದಿರಿಗೆ ಎಲ್ಲಕ್ಕಿಂತ ಕಹಿಯಾದದ್ದು. ವಾಣಿಜ್ಯ ಪ್ರಮಾಣದ ಅಪರಾಧದಲ್ಲಿ, 37ನೆಯ ಕಲಮಿನ ಪ್ರಕಾರ, ಸರ್ಕಾರಿ ವಕೀಲರ ಮಾತನ್ನು ಕೇಳಿದ ಮೇಲೆ, ಅವರು ವಿರೋಧಿಸಿದರೆ, ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬುವದಕ್ಕೆ ಕಾರಣವಿದೆ, ಹೊರಗೆ ಬಂದರೆ ಅಪರಾಧ ಮಾಡಲಾರನು ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಬಿಡಬಹುದು. ಅಂದರೆ ವಿಚಾರಣೆಗೆ ಮುಂಚೆಯೇ ವಿಚಾರಣೆ. ದೋಷಾರೋಪಣ ಪಟ್ಟಿಯನ್ನು ಸಲ್ಲಿಸುವದಕ್ಕೆ ಪೊಲೀಸರಿಗೆ 180 ದಿನಗಳಿವೆ. ಕೋರ್ಟು ಅದನ್ನು ಒಂದು ವರುಷದ ವರೆಗೂ ಬೆಳಿಸಬಹುದು. 2023ನೆಯ ಮಾರ್ಚಿಯಲ್ಲಿ ಸುಪ್ರೀಮ್ ಕೋರ್ಟು, ಗಾಂಜಾ ಮೊಕದ್ದಮೆಯೊಂದರಲ್ಲಿ ಏಳು ವರುಷಕ್ಕೂ ಹೆಚ್ಚು ಕಾಲ ತೀರ್ಪಿಲ್ಲದೆ ಸೆರೆಯಲ್ಲಿದ್ದ ಒಬ್ಬನಿಗೆ, ವಿಳಂಬವೇ ಅನ್ಯಾಯವೆಂದು ಎಣಿಸಿ ಜಾಮೀನು ಕೊಟ್ಟಿತು. ಏಳು ವರುಷ! ಯಾಕೋಬನು ರಾಹೇಲಳಿಗಾಗಿ ಮೊದಲು ದುಡಿದ ಕಾಲವಷ್ಟು. ಜಾಮೀನು ಹಣದಿಂದ ಸಿಗುತ್ತದೆಂದು ಹೇಳಿ, ಒಡವೆಯನ್ನು ಒತ್ತೆಯಿಡಿಸಿ ಹಣ ಕೀಳುವ ದಲ್ಲಾಳಿಗಳು ಕೋರ್ಟಿನ ಅಂಗಳದಲ್ಲಿದ್ದಾರೆ, ಅವರಿಂದ ಎಚ್ಚರವಾಗಿರಿ. ಸೆರೆಯಲ್ಲಿರುವವನಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಧರ್ಮಾರ್ಥವಾಗಿ ವಕೀಲರನ್ನು ಕೊಡಬೇಕು. ಜಿಲ್ಲಾ ಕೋರ್ಟಿನಲ್ಲಿಯೇ ಅದರ ಕಚೇರಿ ಇದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು.

ಇಷ್ಟು ಕಠಿಣವಾದ ಕಾಯಿದೆಯಾದ್ದರಿಂದಲೇ ಶೋಧಿಸುವವರ ಕೈಗೂ ಅದು ಕಟ್ಟು ಹಾಕಿದೆ. ಬೆನ್ಯಾಮೀನನ ಚೀಲವನ್ನು ಶೋಧಿಸಿದವನೇ ಅದರಲ್ಲಿ ಪಾತ್ರೆಯನ್ನು ಇಟ್ಟವನಾಗಿದ್ದನೆಂಬದನ್ನು ಮರೆಯಬೇಡಿರಿ. ಮನುಷ್ಯನ ಮೈಯನ್ನು ಶೋಧಿಸುವ ಮುಂಚೆ, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧಿಸಲ್ಪಡುವದಕ್ಕೆ ಅವನಿಗೆ ಹಕ್ಕಿದೆಯೆಂದು ಅವನಿಗೆ ತಿಳಿಸಲೇಬೇಕು (50ನೆಯ ಕಲಮು); ಕೈಯಲ್ಲಿರುವ ಚೀಲದ ಶೋಧನೆಗೆ ಈ ಹಕ್ಕು ಸಲ್ಲದೆಂದು ಕೋರ್ಟುಗಳು ಹೇಳಿವೆ. ಹೆಂಗಸನ್ನು ಹೆಂಗಸೇ ಶೋಧಿಸತಕ್ಕದ್ದು. ಮನೆ ಮೊದಲಾದ ಮುಚ್ಚಿದ ಸ್ಥಳದ ವಿಷಯವಾಗಿ ಬಂದ ವರ್ತಮಾನವನ್ನು ಬರಹದಲ್ಲಿಟ್ಟು, 72 ತಾಸುಗಳೊಳಗೆ ಮೇಲಧಿಕಾರಿಗೆ ಕಳುಹಿಸಬೇಕು. ಹಿಡಿದವನಿಗೆ ಕಾರಣವನ್ನು ತಿಳಿಸಿ, 24 ತಾಸುಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಶೋಧಿಸಿದ ಅಧಿಕಾರಿಯ ಮುಂದೆ ಆರೋಪಿಯು ತಪ್ಪೊಪ್ಪಿಕೊಂಡನೆಂಬ ಬರಹವು ಅವನಿಗೆ ವಿರೋಧವಾದ ಸಾಕ್ಷ್ಯವಾಗದೆಂದು 2020ರಲ್ಲಿ ತೀರ್ಮಾನವಾಗಿದೆ. ವೈರದಿಂದ ಸುಳ್ಳು ವರ್ತಮಾನ ಕೊಟ್ಟು ಒಬ್ಬನನ್ನು ಹಿಡಿಸಿದವನಿಗೆ ಎರಡು ವರುಷದ ವರೆಗೆ ಸಜೆಯುಂಟು.

ಇಲ್ಲಿ ಪಂಚರ ಮಾತೂ ಬರುತ್ತದೆ. ದಾರಿಯಲ್ಲಿ ಹೋಗುವ ನಮ್ಮವರನ್ನೇ ಕರೆದು ಪಂಚನಾಮೆಗೆ ಸಹಿ ಹಾಕಿಸುತ್ತಾರೆ. ಓದದೆ ಸಹಿ ಹಾಕಿ, ಎರಡು ವರುಷದ ಮೇಲೆ ಕೋರ್ಟಿನಲ್ಲಿ ನನಗೇನೂ ತಿಳಿಯದು ಎನ್ನುವವರು ಬಹಳ. ಧರ್ಮೋಪದೇಶಕಾಂಡದ 19ನೆಯ ಅಧ್ಯಾಯವು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಯಾರನ್ನೂ ಅಪರಾಧಿಯೆಂದು ನಿರ್ಣಯಿಸಬಾರದೆನ್ನುತ್ತದೆ. ಸುಳ್ಳುಸಾಕ್ಷಿಯು ಇನ್ನೊಬ್ಬನಿಗೆ ಬಗೆದ ಕೇಡನ್ನು ತಾನೇ ಅನುಭವಿಸಬೇಕೆನ್ನುತ್ತದೆ. ನೀವು ಕರೆಯಲ್ಪಟ್ಟರೆ ತಕ್ಕಡಿಯ ಮುಳ್ಳನ್ನು ಕಣ್ಣಾರೆ ನೋಡಿರಿ, ಮುದ್ರೆ ಹಾಕುವದನ್ನು ನೋಡಿರಿ, ಓದಿಸಿ ಕೇಳಿರಿ, ಆಮೇಲೆ ಸಹಿ ಹಾಕಿರಿ. ಒಂದು ಕಿಲೋಗ್ರಾಮಿನ ಭೇದದಿಂದ ಹತ್ತು ವರುಷ ಬರುವ ಕಾಯಿದೆಯಲ್ಲಿ ತಕ್ಕಡಿಯನ್ನು ನೋಡುವವನ ಕಣ್ಣಿಗೆ ಎಷ್ಟು ಬೆಲೆಯೆಂದು ಎಣಿಸಿಕೊಳ್ಳಿರಿ.

ಸೇವಿಸುವವನನ್ನೂ ಮಾರುವವನನ್ನೂ ಕಾಯಿದೆಯು ಒಂದೇ ಎಂದು ಎಣಿಸುವದಿಲ್ಲ. ಗಾಂಜಾ ಸೇದಿದವನಿಗೆ ಆರು ತಿಂಗಳ ವರೆಗೆ ಸಜೆ ಅಥವಾ ಹತ್ತು ಸಾವಿರದ ವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ಚಟಕ್ಕೆ ಸಿಕ್ಕಿದವನು ಅಲ್ಪ ಪ್ರಮಾಣದ ಅಪರಾಧದಲ್ಲಿದ್ದು, ತಾನಾಗಿ ಸರ್ಕಾರದ ಇಲ್ಲವೆ ಸರ್ಕಾರದ ಮನ್ನಣೆ ಪಡೆದ ಆಸ್ಪತ್ರೆಗೆ ಹೋಗಿ ಪೂರ್ತಿ ಚಿಕಿತ್ಸೆ ಹೊಂದಿದರೆ 64ಎ ಕಲಮು ಅವನನ್ನು ಮೊಕದ್ದಮೆಯಿಂದ ಬಿಡಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ವಿಭಾಗವಿದೆ. ದೂರವಿದ್ದವರು 14446ಕ್ಕೆ ಫೋನು ಮಾಡಿ ಹತ್ತಿರದ ಸ್ಥಳವನ್ನು ಕೇಳಬಹುದು. ಅವಮಾನಕ್ಕೆ ಹೆದರಿ ಮಗನನ್ನು ಕೋಣೆಯಲ್ಲಿ ಕೂಡಿಹಾಕುವ ಮನೆಗಳವರು ಇದನ್ನು ಕೇಳಲಿ. ಚಟಕ್ಕೆ ಹಣವಿಲ್ಲದ ಹುಡುಗನೇ ಚೀಲ ಹೊರುವದಕ್ಕೆ ಮೊದಲು ಒಪ್ಪುವವನು. ಮಕ್ಕಳ ಕೈಯಿಂದ ಮಾರಿಸುವವರಿಗೂ ಸಾಗಿಸುವವರಿಗೂ ಮಾತ್ರ ದಯೆಯಿಲ್ಲ: 2015ರ ಬಾಲನ್ಯಾಯದ ಕಾಯಿದೆಯಲ್ಲಿ ಏಳು ವರುಷದ ವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷದ ವರೆಗೆ ಜುಲ್ಮಾನೆ ಇದೆ.

ಪಟ್ಟಿಯಿಂದ ಹೆಸರು ತೆಗೆಯಬೇಕೆಂದ ಹಿರಿಯರಿಗೆ ನಾನು ಒಂದು ಹಳೇ ಸಂಗತಿಯನ್ನು ಹೇಳಿದೆನು. ಚೀನಾ ದೇಶದ ಮಿಶನೆರಿ ಕಾರ್ಲ್ ಗುಟ್ಸ್‌ಲಾಫ್ ಎಂಬವನು 1832-33ರಲ್ಲಿ ಜಾರ್ಡೀನ್ ಎಂಬ ವರ್ತಕನ ಅಫೀಮಿನ ಹಡಗಿನಲ್ಲಿ ದುಭಾಷಿಯಾಗಿ ಹೋದನು. ಹಡಗಿನಿಂದ ವರ್ತಕರು ಅಫೀಮನ್ನು ಮಾರಿದರು. ಅದೇ ಹಡಗಿನಿಂದ ಅವನು ಸುವಾರ್ತೆಯ ಪತ್ರಿಕೆಗಳನ್ನು ಹಂಚಿದನು. ಆ ವ್ಯಾಪಾರದ ಅಫೀಮು ನಮ್ಮ ಹಿಂದುಸ್ಥಾನದ ಹೊಲಗಳಲ್ಲಿ ಬೆಳೆದದ್ದು. ಮುಂದೆ ಇವನ ಕರೆಯನ್ನು ಕೇಳಿಯೇ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಚೀನಾಕ್ಕೂ ಇಬ್ಬರನ್ನು ಕಳುಹಿಸಿದರು. ಅವರು 1847ರಲ್ಲಿ ಹಾಂಗ್‌ಕಾಂಗಿಗೆ ಸೇರಿದರು. ಅಫೀಮು ವ್ಯಾಪಾರವನ್ನು ನಿಲ್ಲಿಸಬೇಕೆಂದು 1874ರಲ್ಲಿ ಇಂಗ್ಲೆಂಡಿನಲ್ಲಿ ಸಂಘ ಕಟ್ಟಿ ಹೋರಾಡಿದವರೂ ಕ್ರೈಸ್ತರೇ ಎಂಬದನ್ನು ಸೇರಿಸಿ ಹೇಳಬೇಕು. ಗುಟ್ಸ್‌ಲಾಫನ ಹೆಸರನ್ನು ಯಾರೂ ಪಟ್ಟಿಯಿಂದ ತೆಗೆಯಲಿಲ್ಲ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೂ ಇದೂ ಒಂದೇ ಅಲ್ಲ ಎಂದರು. ಒಂದೇ ಅಲ್ಲವೆಂದು ನಾನೂ ಒಪ್ಪಿದೆನು, ಅವನು ವಿದ್ಯಾವಂತನಾಗಿದ್ದನು.

ಕಾಗದವನ್ನು ಬರೆದೆನೋ ಎಂದು ನೀವು ಕೇಳುವಿರಿ. ಯೆಹೂದನು ಏನು ಮಾಡಿದನೆಂದು ನೋಡಿರಿ. ಪಾತ್ರೆಯು ನಮ್ಮ ತಮ್ಮನ ಚೀಲದಲ್ಲಿ ಸಿಕ್ಕಲೇ ಇಲ್ಲವೆಂದು ಅವನು ಹೇಳಲಿಲ್ಲ. ತಮ್ಮನನ್ನು ಬಿಟ್ಟು ಊರಿಗೆ ಹೋಗಲೂ ಇಲ್ಲ. ಕಂಡದ್ದನ್ನು ಒಪ್ಪಿಕೊಂಡು, ತಂದೆಯ ಮುಪ್ಪನ್ನು ಹೇಳಿ, ಅವನ ಬದಲಾಗಿ ನಾನು ಇರುವೆನೆಂದು ಮುಂದೆ ನಿಂತನು. ವಿಮೋಚನಕಾಂಡದ 23ನೆಯ ಅಧ್ಯಾಯವು ಬಹುಜನರನ್ನು ಹಿಂಬಾಲಿಸಿ ನ್ಯಾಯವನ್ನು ಕೆಡಿಸಬಾರದೆಂದು ಹೇಳಿ, ಅದರ ಮಗ್ಗುಲಲ್ಲೇ, ಬಡವನೆಂದು ಅವನ ವ್ಯಾಜ್ಯದಲ್ಲಿ ಪಕ್ಷ ಹಿಡಿಯಬಾರದೆಂದೂ ಹೇಳುತ್ತದೆ. ಆ ವಿಧವೆಯ ಮುಖವನ್ನು ನೋಡುತ್ತಾ ಆ ಮೂರನೆಯ ವಾಕ್ಯವನ್ನು ಓದುವದು ನನಗೆ ಸುಲಭವಾಗಿರಲಿಲ್ಲ. ನಾನು ಬರೆದದ್ದು ಇಷ್ಟೇ: ಅವನನ್ನು ಹನ್ನೆರಡು ವರುಷಗಳಿಂದ ಬಲ್ಲೆನು, ಈ ಮೊದಲು ಅವನ ಮೇಲೆ ಯಾವ ದೂರನ್ನೂ ಕೇಳಿಲ್ಲ, ತಾಯಿ ತಂಗಿಯರು ಅವನ ದುಡಿಮೆಯಿಂದ ಜೀವಿಸುತ್ತಿದ್ದರು. ಆ ಕಾಗದದಿಂದ ಜಾಮೀನು ಸಿಗಲಿಲ್ಲ. ತಾಯಿಯು ಐದು ತಿಂಗಳ ವರೆಗೆ ದೇವಾಲಯಕ್ಕೆ ಬರಲಿಲ್ಲ. ಬೀದಿಯಲ್ಲಿ ಸಿಕ್ಕಿದರೆ ಸೆರಗು ಎಳೆದುಕೊಂಡು ಹೋಗುತ್ತಿದ್ದಳು.

ಜೈಲಿಗೆ ಹೋಗಿ ನೋಡುವ ಕೆಲಸವನ್ನು ಈಗ ಸಭೆಯವರು ಸರದಿಯಂತೆ ಹಂಚಿಕೊಂಡಿದ್ದೇವೆ. ಮೊದಲನೆಯ ಸಾರಿ ಹೋದಾಗ ಅವನು, “ಉಪದೇಶಿಗಳೇ, ನಿಮಗೆ ಒಂದು ಮಾತು ಹೇಳಬೇಕು,” ಎಂದು ಆರಂಭಿಸಿದನು. ಚೀಲದ ಮಾತಾದರೆ ಅದನ್ನು ನಿನ್ನ ವಕೀಲರಿಗೆ ಹೇಳಪ್ಪಾ, ನನಗೆ ಬೇಡ ಎಂದು ತಡೆದೆನು. ಕಕ್ಷಿಗಾರನು ವಕೀಲನಿಗೆ ಹೇಳಿದ ಮಾತನ್ನು ನಮ್ಮ ದೇಶದ ಸಾಕ್ಷ್ಯದ ಕಾಯಿದೆಯು ಗುಪ್ತವಾಗಿ ಕಾಯುತ್ತದೆ. ಸಭೆಯ ಸೇವಕನಿಗೆ ಹೇಳಿದ್ದಕ್ಕೆ ಅಂಥ ಕಾವಲಿಲ್ಲ. ಕೋರ್ಟಿಗೆ ಕರೆದು ಕೇಳಿದರೆ ನಾನು ಹೇಳಬೇಕಾಗುವದು. ಇದನ್ನು ಪಾದ್ರಿಗಳೂ ಉಪದೇಶಿಗಳೂ ಹಿರಿಯರೂ ಅರಿತಿರಲಿ. ಪಾಪದ ಅರಿಕೆಯನ್ನು ದೇವರ ಮುಂದೆ ಮಾಡುವದಕ್ಕೆ ನಮ್ಮ ಕಿವಿ ಬೇಕಿಲ್ಲ. ಆ ಹೊತ್ತಿಗೆ ಅವನು ತಲೆತಗ್ಗಿಸಿ, ತಂಗಿಯು ಪರೀಕ್ಷೆಯಲ್ಲಿ ತೇರ್ಗಡೆಯಾದಳೋ ಎಂದು ಕೇಳಿದನು. ಅಲ್ಲಿಂದೀಚೆಗೆ ಎರಡು ವರುಷ ಎಂಟು ತಿಂಗಳಾದವು.

ತಾಯಿಯು ಈಗ ಬಂದು ಹಿಂದಿನ ಬೆಂಚಿನಲ್ಲಿ ಕೂಡುತ್ತಾಳೆ. ಬರುವ ವಾಯಿದೆಯ ದಿನ ಪಂಚರ ಸಾಕ್ಷ್ಯವಿದೆ. ಆಕೆಯ ಸಂಗಡ ಬೆಳಿಗ್ಗೆ ಆರು ಘಂಟೆಯ ಬಸ್ಸಿಗೆ ಹೋಗುವದಕ್ಕೆ ಹೆಸರು ಕೊಟ್ಟ ಮೂವರಲ್ಲಿ, ಪಟ್ಟಿಯಿಂದ ಹೆಸರು ತೆಗೆಯಬೇಕೆಂದಿದ್ದ ಆ ಹಿರಿಯರೂ ಒಬ್ಬರು.